ನನ್ನ ಹೆಸರಿಗೆ ಬಂದ ಬೈಕು

ನಾನು ಜನ್ಮದಲ್ಲಿ ಬೈಕು ಓಡಿಸಿದವಳಲ್ಲ. ಆದರೂ ಹಿರಿಯೂರಿನ ಬ್ಯಾಂಕ್ ಮ್ಯಾನೇಜರು ಕಂಪ್ಯೂಟರಿನಿಂದ ಮುಖ ಎತ್ತದೆ, "ಬೈಕ್ ಸಾಲ ಬಾಕಿ ಉಳಿಸ್ಕೊಂಡಿದ್ದೀರಲ್ಲಮ್ಮ" ಎಂದರು.

ನಾನು ಹೋಗಿದ್ದು ಎಣ್ಣೆ ಗಾಣಕ್ಕೆ ಸಾಲ ಕೇಳಲು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಕೊಬ್ಬರಿ ಒಣಗಿಸಿ ಮಾರುತ್ತಿದ್ದೆ. ಎಣ್ಣೆಯನ್ನೂ ನಾನೇ ತೆಗೆದರೆ ದಲ್ಲಾಳಿಗಳ ಮುಖ ನೋಡುವುದು ತಪ್ಪುತ್ತದೆ ಎಂಬುದು ನನ್ನ ಆಸೆ. ಮಹಿಳಾ ಸಂಘದ ಸಾಲವಿರಲಿ, ಹೊಲಿಗೆ ಮಷೀನಿನ ಕಂತಿರಲಿ, ಎಂದೂ ತಡ ಮಾಡಿದವಳಲ್ಲ. ಅಂಥವಳ ಕ್ರೆಡಿಟ್ ಸ್ಕೋರು ನೆಲ ಕಚ್ಚಿತ್ತು. ದುರ್ಗದ ಒಂದು ಫೈನಾನ್ಸ್ ಕಂಪನಿಯಲ್ಲಿ ನಾನು ಬೈಕಿಗೆ ಸಾಲ ತೆಗೆದು ಅರ್ಧಕ್ಕೇ ಕೈಬಿಟ್ಟಿದ್ದೇನೆ ಎಂದು ಕ್ರೆಡಿಟ್ ರಿಪೋರ್ಟಿನಲ್ಲಿ ಬರೆದಿತ್ತು.

"ನಾನು ತಗಂಡಿಲ್ಲ ಸಾರ್" ಎಂದೆ.

"ಎಲ್ರೂ ಹಂಗೇ ಅಂತಾರೆ" ಎಂದು ಮ್ಯಾನೇಜರು ನನ್ನ ಅರ್ಜಿಯನ್ನು ಮೇಜಿನ ಈಚೆಗೆ ಸರಿಸಿದರು. ನನ್ನ ಹಿಂದೆ ಕೂತಿದ್ದವರೆಲ್ಲ ಕೇಳಿಸಿಕೊಂಡರು. ಕಳ್ಳಿ ಎಂದು ಕರೆಸಿಕೊಂಡಂತೆ ಮೈ ಉರಿಯಿತು.

ನನ್ನ ಗಂಡ ಜಗಳವೆಂದರೆ ದೂರ ಸರಿಯುವವರು. "ಬಾಕಿ ಏನ್ ಅಂಥಾ ದೊಡ್ಡದಿಲ್ಲ. ಕಟ್ಟಿ ಬಿಸಾಕು. ಗಾಣ ಬಂದ್ರೆ ದುಡ್ಕಂಬಹುದು" ಎಂದರು.

"ಕಟ್ಟಿದ್ರೆ ಸಾಲ ನಾನೇ ತಗಂಡಿದ್ದೆ ಅಂತ ಒಪ್ಕಂಡಂಗೆ. ಒಂದು ರೂಪಾಯಿನೂ ಕಟ್ಟಲ್ಲ."

ಫೈನಾನ್ಸಿನವರಿಗೆ ಫೋನ್ ಮಾಡಿದರೆ ಅವರದೂ ಅದೇ ಮಾತು. ಸ್ವಲ್ಪ ಕಡಿಮೆ ಮಾಡಿಕೊಡುತ್ತೇವೆ, ಸೆಟ್ಲ್‌ಮೆಂಟ್ ಮಾಡಿಕೊಳ್ಳಿ ಎಂದರು. ಸೆಟ್ಲ್‌ಮೆಂಟ್ ಎಂದರೆ ಪೂರ್ತಿ ಕಟ್ಟಲಾಗದೆ ರಾಜಿಯಾದವಳು ಎಂಬ ಗುರುತು ವರ್ಷಗಟ್ಟಲೆ ಹೆಸರಿನ ಮುಂದೆ ಉಳಿಯುತ್ತದೆ ಎಂದು ಅಷ್ಟರಲ್ಲಿ ತಿಳಿದುಕೊಂಡಿದ್ದೆ. ಫೋನಿಟ್ಟೆ. ಕ್ರೆಡಿಟ್ ರಿಪೋರ್ಟ್ ಕೊಡುವ ಸಂಸ್ಥೆಗೇ ಆನ್‌ಲೈನಿನಲ್ಲಿ ದೂರು ಕೊಟ್ಟೆ. ಅದಕ್ಕೆ ದುಡ್ಡೇನೂ ಬೇಕಾಗಲಿಲ್ಲ. ಕೆಲವು ವಾರಗಳ ನಂತರ ಉತ್ತರ ಬಂತು: ಸಾಲ ಕೊಟ್ಟವರು ಮಾಹಿತಿ ಸರಿಯಾಗಿದೆ ಎಂದಿದ್ದಾರೆ, ಬದಲಾವಣೆ ಇಲ್ಲ.

ಆ ಸಿಟ್ಟಿನಲ್ಲೇ ರಿಪೋರ್ಟನ್ನು ಮತ್ತೆ ಮೊದಲಿನಿಂದ ಓದಿದೆ. ವಿಳಾಸದ ಜಾಗದಲ್ಲಿ ನನ್ನ ಹಿರಿಯೂರಿನ ಮನೆಯ ಜೊತೆಗೆ ಇನ್ನೊಂದು ವಿಳಾಸವಿತ್ತು. ಹೊಳಲ್ಕೆರೆ ತಾಲ್ಲೂಕಿನ ತಾಳ್ಯ. ನಾನು ಒಮ್ಮೆಯೂ ಕಾಲಿಡದ ಊರು.

ಮರುದಿನವೇ ಬಸ್ಸು ಹತ್ತಿದೆ. ದುರ್ಗದಲ್ಲಿ ಇಳಿದು, ಹೊಳಲ್ಕೆರೆಯಲ್ಲಿ ಬದಲಿಸಿ, ತಾಳ್ಯಕ್ಕೆ ಹೋಗುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ದಾರಿಯುದ್ದಕ್ಕೂ, ನನ್ನ ಹೆಸರಿನಲ್ಲಿ ಸಾಲ ತೆಗೆದವಳಿಗೆ ಏನೇನು ಬೈಯಬೇಕೆಂದು ಜೋಡಿಸಿಕೊಂಡಿದ್ದೆ. ಅಂಗಡಿಯೊಂದರಲ್ಲಿ ನನ್ನ ಹೆಸರನ್ನೇ ಹೇಳಿ ಮನೆ ಕೇಳಿದಾಗ ವಿಚಿತ್ರವೆನಿಸಿತು. "ಕುರಿ ಹಟ್ಟಿ ಪಕ್ಕದ ಮನೆ" ಎಂದು ಕೈ ತೋರಿಸಿದರು.

ನನಗಿಂತ ನಾಲ್ಕಾರು ವರ್ಷ ದೊಡ್ಡ ಹೆಂಗಸು ಹಟ್ಟಿಯಲ್ಲಿ ಗೊಬ್ಬರ ಬಳಿಯುತ್ತಿದ್ದಳು. ಹೆಸರು ಹೇಳಿದೆ. ನಕ್ಕುಬಿಟ್ಟಳು. "ನಂದೂ ಅದೇ! ಬರ್ರಿ, ಕುಂತ್ಕಳ್ರಿ, ನೀರು ಕುಡೀರಿ."

ಬೈಗುಳ ಬದಿಗಿಟ್ಟು ನೀರು ಕುಡಿದೆ. ಬೈಕಿನ ಮಾತೆತ್ತಿದಾಗ ಅವಳ ನಗು ನಿಂತಿತು. ಗಂಡ ಸಂತೆಗಳಿಗೆ ಹೋಗಿ ಕುರಿ ವ್ಯಾಪಾರ ಮಾಡಲೆಂದು ಅವಳ ಹೆಸರಿನಲ್ಲಿ ಸಾಲ ತೆಗೆದಿದ್ದ. ಅವನ ಕಾಲು ಮುರಿದು ಮಲಗಿದ ಮೇಲೆ ಕಂತು ನಿಂತಿತು. "ಫೈನಾನ್ಸಿನೋರು ಬಂದು ಗಾಡಿ ಎತ್ಕಂಡು ಹೋದ್ರು ಕಣಮ್ಮ. ಗಾಡಿ ಹೋತು, ಸಾಲನೂ ಹೋತು ಅಂದ್ಕಂಡಿದ್ದೆ."

ಅವಳ ಪ್ಯಾನ್ ಕಾರ್ಡನ್ನು ನನ್ನದರ ಪಕ್ಕ ಇಟ್ಟು ನೋಡಿದೆವು. ಒಂದೇ ಒಂದು ಅಂಕಿ ಬೇರೆ. ಕಂಪನಿಯಲ್ಲಿ ಯಾರೋ ಆ ಅಂಕಿಯನ್ನು ತಪ್ಪಾಗಿ ಒತ್ತಿದ್ದರು. ಹೆಸರೂ ಒಂದೇ ಆದ್ದರಿಂದ ಯಾರ ಕಣ್ಣಿಗೂ ಬೀಳದೆ ಅವಳ ಸಾಲ ನನ್ನ ತಲೆಗೆ ಬಂದಿತ್ತು.

ಮುಚ್ಚಿಡಲು ಮನಸ್ಸಾಗಲಿಲ್ಲ. "ಅಕ್ಕ, ಇದು ಸರಿಹೋದ್ರೆ ಬಾಕಿ ನಿಮ್ಮ ಹೆಸರಿಗೆ ಬರ್ತೈತೆ. ಈಗ ನಿಮ್ಮ ಹೆಸರಲ್ಲಿ ಏನೂ ಇಲ್ಲ. ಯೋಚನೆ ಮಾಡ್ರಿ" ಎಂದೆ.

ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಆಮೇಲೆ, "ನಂದು ನನ್ನ ಮೇಲೇ ಇರ್ಲಿ ತಂಗಿ. ಆದ್ರೆ ಎತ್ಕಂಡು ಹೋದ ಗಾಡಿ ಎಷ್ಟಕ್ಕೆ ಮಾರಿದ್ರು ಅಂತ ಅವ್ರು ಹೇಳ್ಬೇಕು. ನಾಳೆ ದುರ್ಗಕ್ಕೆ ಹೋಗಾಣ" ಎಂದಳು.

ಫೈನಾನ್ಸ್ ಕಚೇರಿಯಲ್ಲಿ ಹುಡುಗಿ ಹೆಸರು ಕೂಗಿದಾಗ ಇಬ್ಬರೂ ಎದ್ದೆವು. "ಒಬ್ರು ಬನ್ನಿ" ಎಂದಳು. "ಇಬ್ರನ್ನೂ ಒಬ್ರು ಮಾಡಿದ್ದು ನೀವೇ" ಎಂದು ನಾನು ಒಳಗೆ ನಡೆದೆ.

ಅಲ್ಲಿನ ಮ್ಯಾನೇಜರು ಎರಡು ಕಾರ್ಡುಗಳನ್ನೂ ತಿರುಗಿಸಿ ನೋಡಿ, ಇದು ಹೆಡ್ ಆಫೀಸಿನ ಕೆಲಸ, ಹೋಗಿರಿ, ಫೋನ್ ಮಾಡುತ್ತೇವೆ ಎಂದರು.

"ತಪ್ಪಾಗೈತೆ ಅಂತ ಬರೆದು ಸೀಲ್ ಹಾಕಿ ಕೊಡ್ರಿ, ಹೋಗ್ತೀವಿ" ಎಂದೆ.

"ಹಂಗೆಲ್ಲ ಕೊಡಾಕೆ ಬರಲ್ಲ ಮೇಡಂ."

"ಹಂಗಾದ್ರೆ ಇದಕ್ಕೆ ಸೀಲ್ ಹಾಕ್ರಿ." ಬರೆದುಕೊಂಡು ಹೋಗಿದ್ದ ದೂರನ್ನು ಮುಂದಿಟ್ಟೆ. "ಮುಂದಿನ ದೂರು ಫೈನಾನ್ಸಿನೋರ ತಪ್ಪು ವಿಚಾರಿಸೋ ಓಂಬುಡ್ಸ್‌ಮನ್‌ಗೆ ಹೋಗ್ತೈತೆ. ಒಂದು ಸಲ ತಪ್ಪು ಮಾಡಿದ್ರಿ. ನಾನು ಕೇಳಿದ ಮೇಲೂ ನೋಡದೆ ಸರಿ ಐತೆ ಅಂದ್ರಲ್ಲ, ಅದನ್ನೂ ಬರೀತೀನಿ."

ಅಕ್ಕ ಮೇಜಿಗೆ ಕೈಯೂರಿ ಕೇಳಿದಳು: "ನನ್ನ ಗಾಡಿ ಮಾರಿದ ದುಡ್ಡು ಎಲ್ಲಿ ಜಮಾ ಮಾಡಿದ್ರಿ ಸಾಮಿ?"

ಅವರು ಕಂಪ್ಯೂಟರ್ ನೋಡಿದರು, ಯಾರಿಗೋ ಫೋನ್ ಮಾಡಿದರು, ಮತ್ತೆ ಕಂಪ್ಯೂಟರ್ ನೋಡಿದರು. ಹೊರಗೆ ಕೂರಿ ಎಂದರು. ನಾವು ಕುರ್ಚಿ ಬಿಟ್ಟು ಏಳಲಿಲ್ಲ. ಊಟದ ಹೊತ್ತಾಯಿತು ಎಂದರು. ಅಕ್ಕ ಚೀಲದಿಂದ ರೊಟ್ಟಿ ತೆಗೆದು ನನಗೊಂದು ಕೊಟ್ಟಳು. ಜೋಗಿಮಟ್ಟಿ ಬೆಟ್ಟದ ಕಡೆ ಮೋಡ ಕವಿಯುವ ಹೊತ್ತಿಗೆ ನನ್ನ ದೂರಿನ ಮೇಲೆ ಸೀಲು ಬಿತ್ತು. ಗಾಡಿ ಮಾರಿದ ಹಣ ಸಾಲಕ್ಕೆ ಜಮೆಯೇ ಆಗಿರಲಿಲ್ಲ ಎಂಬುದೂ ಅವರ ಬಾಯಿಂದಲೇ ಬಂತು.

ಆಮೇಲೂ ಎಲ್ಲ ತಾನಾಗಿ ಆಗಲಿಲ್ಲ. ಎಷ್ಟೋ ಫೋನು ಮಾಡಿದೆ, ಇನ್ನೂ ಎರಡು ಸಲ ದುರ್ಗಕ್ಕೆ ಅಲೆದೆ. ಕೊನೆಗೆ ಆ ಬೈಕು ನನ್ನ ರಿಪೋರ್ಟಿನಿಂದ ಇಳಿಯಿತು, ಸ್ಕೋರು ನಿಧಾನವಾಗಿ ಮೇಲೆದ್ದಿತು. ಗಾಡಿಯ ಹಣ ಜಮೆಯಾಗಿ ಉಳಿದ ಸಣ್ಣ ಬಾಕಿಯನ್ನು ಅಕ್ಕ ಎರಡು ಕುರಿ ಮಾರಿ ಕಟ್ಟಿದಳು. ಸಾಲ ಪೂರ್ತಿ ಮುಗಿದಿದೆ ಎಂದು ಬರೆಸಿಕೊಳ್ಳುವವರೆಗೂ ಅಲ್ಲಿಂದ ಕದಲಲಿಲ್ಲವಂತೆ.

ಸಾಲಕ್ಕೆ ಬೇರೆ ಬ್ಯಾಂಕಿಗೆ ಹೋಗು ಎಂದರು ನನ್ನ ಗಂಡ. ನಾನು ಹಿರಿಯೂರಿನ ಅದೇ ಬ್ಯಾಂಕ್ ಮ್ಯಾನೇಜರ ಮುಂದೆ ಹೋಗಿ ಕೂತು ಹೊಸ ರಿಪೋರ್ಟನ್ನು ಇಟ್ಟೆ. "ಜೋರಾಗಿ ಓದ್ರಿ ಸಾರ್. ಅವತ್ತು ಹಿಂದೆ ಕೂತೋರಿಗೆಲ್ಲ ಕೇಳಿಸ್ತು, ಇವತ್ತೂ ಕೇಳಿಸ್ಲಿ" ಎಂದೆ. ಅವರು ಜೋರಾಗಿ ಓದಲಿಲ್ಲ. ಆದರೆ ಅರ್ಜಿ ತೆಗೆದುಕೊಂಡರು. ಗಾಣ ಬಂತು.

ಮೊನ್ನೆ ತಾಳ್ಯದಿಂದ ಫೋನು ಬಂದಿತ್ತು. ಅಕ್ಕನ ನಾದಿನಿಗೆ ಸಾಲ ತೀರಿಸಿದ ಮೇಲೂ ಬಾಕಿ ಇದೆ ಎಂದು ಇನ್ಯಾವುದೋ ಕಂಪನಿಯವರು ಕಾಡುತ್ತಿದ್ದಾರಂತೆ. "ಸೋಮವಾರ ದುರ್ಗಕ್ಕೆ ಬರ್ತೀಯೇನ್ ತಂಗಿ? ರೊಟ್ಟಿ ನಾನ್ ತರ್ತೀನಿ" ಎಂದಳು. ಬರುತ್ತೇನೆ ಎಂದೆ.