ಕಾಕಾನ ತಾಳ ನುಂಗಿದ ಸಾಫ್ಟ್‌ವೇರ್

ಗೆಳೆಯರೇ, ಇವತ್ತು ಒಂದು ಟಿಕ್ ಮಾರ್ಕಿನಿಂದ ನಮ್ಮ ಮನೆ ಒಡೆಯುವುದು ಸ್ವಲ್ಪದರಲ್ಲಿ ತಪ್ಪಿತು.

ಅಕ್ಕಲಕೋಟದ ನಮ್ಮ ಮನೆಯ ಗುರುವಾರದ ಭಜನೆಯನ್ನು ನಾನೇ ಲೈವ್ ಬಿಡುತ್ತೇನೆ. ಅಪ್ಪ ಹಾಡುತ್ತಾರೆ, ಅವರ ತಮ್ಮ, ನಮ್ಮ ಕಾಕಾ, ತಾಳ ಬಾರಿಸುತ್ತಾರೆ. ಫ್ಯಾನಿನ ಸದ್ದು ಕೇಳಬಾರದೆಂದು ಇವತ್ತು ಸಾಫ್ಟ್‌ವೇರಿನಲ್ಲಿ ಗದ್ದಲ ತೆಗೆಯುವ ಫಿಲ್ಟರಿಗೆ ಟಿಕ್ ಹಾಕಿ, ಪೂರ್ತಿ ಏರಿಸಿದ್ದೆ. ಅರ್ಧ ಭಜನೆಗೆ, ಲೈವ್ ಕೇಳುತ್ತಿದ್ದ ಸೊಲ್ಲಾಪುರದ ನಮ್ಮ ಸೋದರತ್ತೆ, ಆತ್ಯಾ, ಫೋನ್ ಮಾಡಿದರು. ಸ್ಪೀಕರ್ ಆನ್ ಇತ್ತು.

"ತಮ್ಮಾ, ನಿಮ್ಮ ಕಾಕಾ ಇವತ್ತ ಬಂದಿಲ್ಲೇನು? ತಾಳಾನ ಕೇಳಸವಲ್ದು."

ಕಾಕಾ ತಾಳ ನಿಲ್ಲಿಸಿದರು. ಹೋದ ವಾರ ಅಪ್ಪ, "ನಿನ್ನ ತಾಳ ಭಾಳ ಓಡತದ" ಅಂದಿದ್ದರು. ಕಾಕಾನ ಆ ಸಿಟ್ಟು ಇನ್ನೂ ಆರಿರಲಿಲ್ಲ.

"ಅಣ್ಣಾ, ಮಾರಿ ಮ್ಯಾಲ ಹೇಳ್ಬೇಕಿತ್ತಪಾ. ಮಷೀನ್ ಕಡಿಂದ ತಗಸೂದೇನು?" ಎಂದು ಎದ್ದು ಚಪ್ಪಲಿ ಮೆಟ್ಟಿದರು.

ಫ್ಯಾನಿನ ಜೊತೆ ತಾಳವನ್ನೂ ಗದ್ದಲವೆಂದು ಫಿಲ್ಟರ್ ನುಂಗಿದ್ದು ಆಗ ಹೊಳೆದು, ನಾನು ಆ ಟಿಕ್ ತೆಗೆದೆ. "ಕಾಕಾ, ಒಮ್ಮಿ ಬಾರಸ್ರಿ."

ಬಾಗಿಲಲ್ಲೇ ನಿಂತು ಬಾರಿಸಿದರು. ಆ ಸದ್ದು ಸೊಲ್ಲಾಪುರ ಮುಟ್ಟುವವರೆಗೆ ನಾವೆಲ್ಲ ಫೋನಿಗೇ ಕಿವಿಗೊಟ್ಟು ಕೂತಿದ್ದೆವು.

"ಬಂತು, ಬಂತು! ಈಗ ಛಲೋ ಕೇಳಸಾಕತ್ತದ!" ಎಂದರು ಆತ್ಯಾ.

ಕಾಕಾ ಚಪ್ಪಲಿ ಬಿಟ್ಟು ಒಳಗೆ ಬಂದರು. ಫ್ಯಾನಿನ ಸದ್ದೂ ವಾಪಸ್ ಬಂತು, ಇರಲಿ ಬಿಡಿ. ತಾಳ ಓಡುವುದಂತೂ ನಿಜ. ಆದರೆ ಅದನ್ನು ತಡೆಯುವ ಧೈರ್ಯ ನಮ್ಮ ಮನೆಯಲ್ಲಿ ಸಾಫ್ಟ್‌ವೇರಿಗೆ ಮಾತ್ರ ಇತ್ತು.