ಒಣ ಅರಿವೆಯ ನಿಯಮ

ಮೊನ್ನೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗ ಆ ವಾಸನೆ ಮೂಗಿಗೆ ಬಡಿದು, ವಾಡಿಯ ಫ್ಯಾನ್ ಮೇಸ್ತ್ರಿ ಚಾಚಾ ನೆನಪಾದರು. ಅವರ ಅಂಗಿಗೆ ಸದಾ ಅದೇ ವಾಸನೆ ಇರುತ್ತಿತ್ತು...

ಎಪ್ಪತ್ತರ ದಶಕದ ಮಾತು. ಸೇಡಂನಿಂದ ವಾಡಿಯ ಶಾಲೆಗೆ ಶಿಕ್ಷಕಿಯಾಗಿ ವರ್ಗವಾಗಿ ಬಂದಿದ್ದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಮನೆಯ ಮೂರೂ ಫ್ಯಾನುಗಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು ನನ್ನ ಪದ್ಧತಿ. ಎರಡು ತಿಂಗಳಲ್ಲಿ ಅವು ಓಲಾಡತೊಡಗಿದವು. ಚಾಚಾ ಬಂದು ರೆಕ್ಕೆ ಇಳಿಸಿ, ಉಗುರಿನಿಂದ ಬಡಿದು ನೋಡಿ ನಕ್ಕರು.

“ಅಕ್ಕೋರ, ಗ್ವಾಡಿಗಿ ಮಾಡ್ದಂಗ ರೆಕ್ಕಿಗಿ ಗಿಲಾವ್ ಮಾಡೀರಲ್ರಿ! ಇದು ವಾಡಿ, ಫ್ಯಾಕ್ಟರಿ ಊರು. ಇಲ್ಲಿ ಧೂಳಂದ್ರ ಸಿಮೆಂಟ್. ನೀರು ತಾಕಿದ್ರ ಕಲ್ಲಾಗ್ತದ. ಒಣ ಅರಿವೀನೇ ಹಚ್ಚಬೇಕು.”

ಆ ಮಾತನ್ನು ನಿಯಮವೆಂದು ಹಿಡಿದೆ. ಅಂದಿನಿಂದ ಪ್ರತಿ ವರ್ಷ ಯುಗಾದಿಗೆ ಮೊದಲು ಫ್ಯಾನ್ ಒರೆಸಲು ಅವರೇ ಬರುತ್ತಿದ್ದರು. ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಸ್ಟೂಲ್ ಹತ್ತುತ್ತಿದ್ದರು. ಹೊರಗಿನ ಧೂಳು ಬರಬಾರದೆಂದು ನಾನು ಕಿಟಕಿ ಮುಚ್ಚುತ್ತಿದ್ದೆ. ಒಳಗಿನ ಧೂಳು ಹಿಟ್ಟಿನಂತೆ ಉದುರಿ ಅವರ ಹುಬ್ಬು ಬೆಳ್ಳಗಾಗುತ್ತಿತ್ತು. ಊರಿನ ಅರ್ಧ ಮನೆಗಳ ಫ್ಯಾನುಗಳನ್ನು ಅವರು ಹೀಗೆಯೇ ಒರೆಸಿದವರು. ವರ್ಷದಿಂದ ವರ್ಷಕ್ಕೆ ಕೆಮ್ಮು ಹೆಚ್ಚಿತು.

“ಮಾರಿಗಿ ಅರಿವಿ ಕಟ್ಕೋರಿ ಚಾಚಾ.”

“ಕಟ್ಟಿದ್ರ ಉಸುರು ಹಿಡೀತದರಿ. ನಿಮ್ ಫ್ಯಾನಿಗರೆ ಗಾಳಿ ಅದ, ನನಗೆಲ್ಲಿ?”

ಕೊನೆಯ ಸಲ ಬಂದಾಗ ಒಂದು ಫ್ಯಾನ್ ಮುಗಿಸುವಷ್ಟರಲ್ಲೇ ಎದೆ ಹಿಡಿದು ನೆಲಕ್ಕೆ ಕುಳಿತರು. “ಅಕ್ಕೋರ, ಇದೊಂದ್ ಸಲ ವದ್ದಿ ಅರಿವಿ ಹಚ್ಚತೀನ್ರಿ. ಧೂಳು ಹಾರೂದಿಲ್ಲ.”

“ಬ್ಯಾಡ. ರೆಕ್ಕಿ ತೂಕ ತಪ್ತದ. ನೀವೇ ಕಲಿಸೀರಲ್ಲಾ?”

“ನಾನೇ ಕಲಿಸೀನ್ರಿ. ಭಾಳ ಶಾಣ್ಯಾಕಿಗಿ ಕಲಿಸಿದೆ.” ನಕ್ಕರು, ನಗು ಕೆಮ್ಮಾಯಿತು. ಉಳಿದೆರಡನ್ನೂ ಒಣ ಅರಿವೆಯಲ್ಲೇ ಒರೆಸಿದರು. ನಾನು ಕೆಳಗೆ ನಿಂತು, ಬಿಟ್ಟುಹೋದ ಅಂಚುಗಳನ್ನು ಬೆರಳು ಮಾಡಿ ತೋರಿಸಿದೆ...

ಮುಂದಿನ ಯುಗಾದಿಗೆ ಅವರು ಬರಲಿಲ್ಲ. ಪದ್ಧತಿ ತಪ್ಪಿತೆಂದು ಸಿಟ್ಟಿನಲ್ಲೇ ಅವರ ಮನೆಗೆ ಹೋದೆ. ಚಾಚಿ ಹೊಸ್ತಿಲಲ್ಲಿ ಕುಳಿತಿದ್ದರು. “ನಿಮ್ಮನಿ ಕೆಲ್ಸ ಮಾಡಿ ಬಂದು ಮಕ್ಕೊಂಡೋರು ಮತ್ತ ಸ್ಟೂಲ್ ಹತ್ತಲಿಲ್ರಿ. ಹ್ವಾದ ವರ್ಷ ಮಳಿ ಬರೂದ್ರೊಳಗ ತೀರಿ ಹೋದ್ರು.” ಅವರ ದನಿಯಲ್ಲಿ ದೂರು ಇರಲಿಲ್ಲ. ಒಳಗೆ ಕರೆದು ಕುಂದ್ರಿ ಎಂದರು. ನಾನು ಕೂರಲಿಲ್ಲ.

ಈಗ ಕಲಬುರಗಿಯ ಕೋಣೆಯಲ್ಲಿ ಮಧ್ಯಾಹ್ನ ಮಲಗಿ ಮೇಲೆ ನೋಡುತ್ತೇನೆ. ಆ ದಿನ ಒದ್ದೆ ಅರಿವೆ ಹಚ್ಚಿದ್ದರೆ ಎರಡು ಫ್ಯಾನುಗಳು ಒಂದು ಬೇಸಿಗೆ ಗಡಗಡ ಅನ್ನುತ್ತಿದ್ದವು. ಅಷ್ಟೇ. ಅಷ್ಟನ್ನು ನಾನು ತಾಳಿಕೊಳ್ಳಲಿಲ್ಲ.