ಟೈಪಿಸ್ಟಮ್ಮ ಮತ್ತು ಖಾಲಿ ಸಾಲು

ಬೆಳಗಿನ ಐದೂವರೆಗೆ ಕಿಟಕಿ ಪಕ್ಕದ ಮೇಜಿನಲ್ಲಿ ಟೈಪಿಸ್ಟಮ್ಮನ ಕೆಲಸ ಶುರುವಾಗುತ್ತದೆ. ಎದುರಿಗೆ ಅವರ ಅಕ್ಕ ಕೂತು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ. ಇವರು ಕರಡಿನ ಸಾಲುಗಳ ಕೆಳಗೆ ಸ್ಕೇಲು ಜರುಗಿಸುತ್ತ ಕೆಂಪು ಪೆನ್ನು ಆಡಿಸುತ್ತಾರೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದು ಕೂತ ನನಗೆ ಅಕ್ಕನ ಓದು ಕೇಳಿದರೆ ನಗು ಬರುತ್ತದೆ. "ಕಾಮಾ. ಹೊಸ ಸಾಲು. ಜಾಗ ಬಿಡು" ಎಂದು ಪದಗಳ ಜೊತೆಗೆ ಪದವಿಲ್ಲದ ಜಾಗವನ್ನೂ ಓದಿಬಿಡುತ್ತಾರೆ! ಬೀದಿಯ ಗದ್ದಲ ಏಳುವಷ್ಟರಲ್ಲಿ ಮೂವತ್ತು ಪುಟ ಮುಗಿಯಬೇಕು.

ನಲವತ್ತೊಂದು ವರ್ಷದಿಂದ ಟೈಪಿಂಗ್, ಕರಡು ತಿದ್ದುವುದು ಇಷ್ಟೇ ಬದುಕು. ಗಂಡ ತೀರಿಕೊಂಡ ಮೇಲೆ ಅಕ್ಕ ಬಂದು ಜೊತೆಗಿದ್ದಾರೆ. ಬೆರಳ ಗಂಟುಗಳು ಊದಿವೆ. ಇವರ ಕೈ ದಾಟಿದ ಪುಸ್ತಕಗಳು ಇನ್ನೂರಕ್ಕೂ ಹೆಚ್ಚು, ಒಂದರಲ್ಲೂ ಇವರ ಹೆಸರಿಲ್ಲ. "ನಮ್ಮ ಕೆಲಸ ಚೆನ್ನಾಗಿದ್ರೆ ಯಾರ ಕಣ್ಣಿಗೂ ಬೀಳಲ್ಲ. ಬಿದ್ರೆ ಬೈಗುಳ" ಎನ್ನುತ್ತಾರೆ.

ಈಗ ಮೇಜಿನ ಮೇಲಿರುವುದು ನಿವೃತ್ತ ಮೇಷ್ಟ್ರೊಬ್ಬರ ಪುಸ್ತಕ: ಅಮೆರಿಕದ ಆಧುನಿಕ ಕವಿಯೊಬ್ಬರ ಕಾವ್ಯ ಮತ್ತು ಕಾವ್ಯತಂತ್ರದ ವಿಮರ್ಶೆ. ಹನ್ನೆರಡು ವರ್ಷದ ಶ್ರಮ. ಆ ಕವಿಯದು ತುಂಡು ತುಂಡು ಸಾಲು. ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಹೆಚ್ಚು. ಸತ್ತ ತಮ್ಮನ ಅಂಗಿ ಮಡಚುವ ಪದ್ಯದ ನಡುವೆ ಒಂದು ಸಾಲಿನಷ್ಟು ಜಾಗ ಖಾಲಿ. ಕವಿ ಅಳುವುದು ಆ ಖಾಲಿಯಲ್ಲೇ ಎಂದು ಮೇಷ್ಟ್ರು ಮೂವತ್ತೆಂಟು ಪುಟ ಬರೆದಿದ್ದರು. ಹಳೆಯ ಕರಡಿನಲ್ಲಿ ಆ ಪುಟಗಳನ್ನು ನಾನೂ ಎರಡೆರಡು ಸಲ ಓದಿದೆ. ಪುಸ್ತಕದ ಜೀವ ಇದ್ದದ್ದೇ ಆ ಅಧ್ಯಾಯದಲ್ಲಿ.

ಹೋದ ತಿಂಗಳು ಪದ್ಯಗಳನ್ನು ತಾಳೆ ನೋಡಲು ಅಕ್ಕತಂಗಿಯರು ಗ್ರಂಥಾಲಯದಿಂದ ಕವಿಯ ಮೂಲ ಸಂಕಲನ ತಂದರು. ಅಕ್ಕ ಆ ಪದ್ಯವನ್ನು ಎಲ್ಲೂ ನಿಲ್ಲದೆ ಓದಿಕೊಂಡು ಹೋದರು.

"ಅಕ್ಕಾ, ಜಾಗ ಬಿಡು ಅನ್ನೋದು ಮರೆತೆಯಲ್ಲ."

"ಇಲ್ಲಿ ಜಾಗ ಎಲ್ಲಿದೆಯೇ? ಪುಟ ಮುಗೀತು, ತಿರುವಿದೆ, ಅಷ್ಟೆ."

ಟೈಪಿಸ್ಟಮ್ಮ ಸಂಕಲನ ಕೈಗೆ ತೆಗೆದುಕೊಂಡು ಆ ಪುಟವನ್ನು ಹಿಂದೆ ಮುಂದೆ ತಿರುವಿ ನೋಡಿದರು. ಹನ್ನೆರಡು ವರ್ಷದ ಹಿಂದೆ, ಮೇಷ್ಟ್ರ ಕಣ್ಣು ಮಂಜಾಗುತ್ತಿದ್ದಾಗ, ಇದೇ ಸಂಕಲನವನ್ನು ದಪ್ಪ ಅಕ್ಷರದಲ್ಲಿ ಟೈಪ್ ಮಾಡಿಕೊಟ್ಟವರು ಇವರೇ. ಪುಟ ತಿರುವುವ ಕಡೆ ಕೈತಪ್ಪಿ ಒಂದು ಸಾಲು ಹೆಚ್ಚಿಗೆ ಬಿಟ್ಟಿದ್ದರು. ಮೇಷ್ಟ್ರು ಓದಿದ್ದೆಲ್ಲ ಆ ಹಾಳೆಗಳನ್ನೇ.

"ಮೂರು ದಿನ ಊಟ ಸೇರಲಿಲ್ಲ. ಸುಮ್ನಿದ್ದುಬಿಡು, ಅವರಿಗೀಗ ಕಣ್ಣೇ ಕಾಣಲ್ಲ, ಯಾರಿಗೆ ಗೊತ್ತಾಗತ್ತೆ ಅಂದ್ಲು ಅಕ್ಕ. ಕಣ್ಣು ಕಾಣಲ್ಲ ಅಂತಲೇ ನಾನು ಹೇಳಬೇಕಾಯ್ತು" ಎನ್ನುತ್ತಾರೆ ಟೈಪಿಸ್ಟಮ್ಮ.

ಕೇಳಿದ ಮೇಷ್ಟ್ರು ಆ ಪದ್ಯವನ್ನು ಇನ್ನೊಮ್ಮೆ ಓದಿಸಿಕೊಂಡರಂತೆ. ಆಮೇಲೆ, "ಆ ಅಧ್ಯಾಯ ತೆಗೆದುಬಿಡಿ ತಾಯೀ" ಎಂದರಂತೆ. ಯಾವಾಗಲೂ ಗೋಡೆ ಹಿಡಿದು ಬಾಗಿಲತನಕ ಬಂದು ಕಳಿಸುತ್ತಿದ್ದವರು ಅವತ್ತು ಕುರ್ಚಿಯಿಂದ ಏಳಲಿಲ್ಲ. ವಾರಕ್ಕೊಮ್ಮೆ ಹೋಗಿ ಅವರಿಗೆ ಕರಡು ಓದಿ ಹೇಳುವ ರೂಢಿಯೂ ನಿಂತಿದೆ. ಈಗ ಕರಡು ಮೇಷ್ಟ್ರ ಮಗಳ ಕೈಯಲ್ಲಿ ಹೋಗಿ ಬರುತ್ತದೆ. ಮುಚ್ಚುಮರೆ ಯಾಕೆ, ಪುಸ್ತಕವೂ ಸೊರಗಿದೆ. ಇವತ್ತು ಅದರ ಕೊನೆಯ ತಿದ್ದುಪಡಿ ನಡೆಯುತ್ತಿದೆ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. "ಒಂದ್ಸಲ ಅವರೇ ಕರೆದು, ಓದಿ ಹೇಳಮ್ಮ ಅಂದ್ರೆ ಸಾಕು" ಎನ್ನುತ್ತಾರೆ. ಅಕ್ಕ ಮುಂದಿನ ಪುಟ ತೆಗೆಯುತ್ತಾರೆ. ನಾನು ನನ್ನ ಪೆನ್ನು ಮುಚ್ಚುತ್ತೇನೆ. ಟೈಪಿಸ್ಟಮ್ಮ ತಲೆ ಎತ್ತಿ ತಡೆಯುತ್ತಾರೆ.

"ತಪ್ಪು ನಂದೇ ಅಂತ ಬರೆದ್ರಲ್ಲ? ಅದನ್ನ ಹಿಡಿದವಳೂ ನಾನೇ. ಅದನ್ನೂ ಬರ್ಕೊಳ್ಳಿ."